ಹಳೆಯ ಟ್ರ್ಯಾಕ್ಟರಿಗೆ ಬಲ ಕೂಡಿಸುವ ವಿಚಾರ: ಟರ್ಬೋ ಮೇಲೋ, ಇಂಜಿನ್ನಿನ ದುರಸ್ತಿ ಮೇಲೋ?

ಭದ್ರಾ ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಹಬ್ಬಿದ ಕೂಡಲೆ ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಅಚ್ಚುಕಟ್ಟಿನ ಗ್ರಾಮಗಳಲ್ಲಿ ಟ್ರ್ಯಾಕ್ಟರುಗಳಿಗೆ ಬಿಡುವೆಂಬುದೇ ಇರುವುದಿಲ್ಲ. ಸಸಿಮಡಿಯಲ್ಲಿ ಬಿತ್ತಿದ ಭತ್ತವು ಮೂರು ನಾಲ್ಕು ವಾರಗಳಲ್ಲಿ ನಾಟಿಗೆ ಬರುತ್ತದೆ. ಅಷ್ಟರೊಳಗೆ ಗದ್ದೆಯನ್ನು ಉತ್ತು, ಕೆಸರು ಮಾಡಿ, ಹಲಗೆ ಹೊಡೆದು ಮಟ್ಟಸಮಾಡಿ ಮುಗಿಸದಿದ್ದರೆ ಸಸಿ ಬಲಿತುಹೋಗಿ ತೆಂಡೆಯೊಡೆಯುವುದು ಕಡಮೆಯಾಗುತ್ತದೆ. ಇಂಥ ದಿವಸಗಳಲ್ಲಿಯೇ, ಹತ್ತು ಹದಿನೈದು ವರ್ಷ ದುಡಿದ ಟ್ರ್ಯಾಕ್ಟರು ರೋಟಾವೇಟರಿನ ಭಾರವನ್ನು ತಾಳಲಾರದೆ ಉಬ್ಬಸಪಡುತ್ತ, ಕರಿ ಹೊಗೆಯನ್ನು ಕಾರುತ್ತ, ಗದ್ದೆಯ ನಡುವೆ ನಿಂತುಹೋಗುವುದುಂಟು. ಅದು ಒಬ್ಬನ ಗದ್ದೆಯ ಮಾತಾಗಿ ಉಳಿಯುವುದಿಲ್ಲ. ಸ್ವಂತ ಟ್ರ್ಯಾಕ್ಟರಿಲ್ಲದ ಹತ್ತಾರು ಮನೆಗಳು ಆ ಒಂದು ಯಂತ್ರದ ಬಾಡಿಗೆಯನ್ನೇ ನಂಬಿ ಸಸಿ ಹಾಕಿರುತ್ತವೆ.

ಆಗ ಮಾಲೀಕನಿಗೆ ನಾನಾ ಕಡೆಗಳಿಂದ ಸಲಹೆಗಳು ಬರತೊಡಗುತ್ತವೆ. ಗುಜರಿಗೆ ಹೋದ ಜೀಪಿನ ಅಥವಾ ಲಾರಿಯ ಟರ್ಬೋ ಚಾರ್ಜರನ್ನು ತಂದು ಕೂಡಿಸಿದರೆ ಮೂವತ್ತೈದು ಅಶ್ವಶಕ್ತಿಯ ಇಂಜಿನ್ನು ಐವತ್ತರಂತೆ ಎಳೆಯುವುದೆಂದು ಒಬ್ಬನು ಹೇಳುತ್ತಾನೆ. ಬೋರು ಮಾಡಿಸಿ ದೊಡ್ಡ ಪಿಸ್ಟನ್ನು ಹಾಕಿದರಾಯಿತೆಂದು ಮತ್ತೊಬ್ಬನು. ಪಂಪಿನ ಸ್ಕ್ರೂವನ್ನು ಒಂದು ಸುತ್ತು ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ ಖರ್ಚೇ ಇಲ್ಲವೆಂದು ಮೂರನೆಯವನು. ಇದನ್ನು ಮಾರಿ, ಸಾಲ ಮಾಡಿ, ದೊಡ್ಡದನ್ನು ಕೊಳ್ಳುವುದೇ ಮರ್ಯಾದೆಯೆಂದು ಹೇಳುವವರೂ ಇಲ್ಲದಿಲ್ಲ. ಕೈಯಲ್ಲಿರುವ ಹಣವು ಮಿತವಾಗಿರುವಾಗ ಇವುಗಳಲ್ಲಿ ಯಾವುದನ್ನು ಮೊದಲು ಹಿಡಿಯತಕ್ಕದ್ದು, ಯಾವುದನ್ನು ಬಿಡತಕ್ಕದ್ದು ಎಂಬುದನ್ನು ಗೊತ್ತುಮಾಡಬೇಕಾದರೆ ಇಂಜಿನ್ನಿಗೆ ಬಲವು ಎಲ್ಲಿಂದ ಬರುತ್ತದೆಂಬುದನ್ನು ಮೊದಲು ತಿಳಿಯುವುದು ಅವಶ್ಯಕ.

ಇಂಜಿನ್ನು ಕುಡಿಯುವುದು ಡೀಸೆಲನ್ನಾದರೂ ಅದರ ಬಲಕ್ಕೆ ಮಿತಿ ಹಾಕುವುದು ಗಾಳಿ. ಒಂದು ಕಿಲೋಗ್ರಾಂ ಡೀಸೆಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಸಿಲಿಂಡರಿನೊಳಗೆ ಡೀಸೆಲೂ ಗಾಳಿಯೂ ಬೆರೆಯುವುದಕ್ಕೆ ಸಿಕ್ಕುವ ಕಾಲವು ಬಹಳ ಸ್ವಲ್ಪವಾದುದರಿಂದ, ಹೊಗೆಯಿಲ್ಲದೆ ಉರಿಯಲು ವಾಸ್ತವವಾಗಿ 20 ಕಿಲೋಗ್ರಾಂನಷ್ಟಾದರೂ ಬೇಕಾಗುತ್ತದೆ. ಮೂರು ಸಿಲಿಂಡರುಗಳೂ ಕೂಡಿ ಎರಡೂವರೆ ಲೀಟರು ಗಾತ್ರವಿರುವ ಇಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಎರಡು ಸುತ್ತಿಗೊಂದಾವೃತ್ತಿ ಉಸಿರೆಳೆಯುವುದರಿಂದ, ನಿಮಿಷಕ್ಕೆ ಹೆಚ್ಚೆಂದರೆ 2,500 ಲೀಟರು ಗಾಳಿಯನ್ನು ಎಳೆದುಕೊಳ್ಳಬಲ್ಲುದು. ಶಿವಮೊಗ್ಗವು ಸಮುದ್ರಮಟ್ಟದಿಂದ ಸುಮಾರು 570 ಮೀಟರು ಎತ್ತರದಲ್ಲಿದೆ. ಇಲ್ಲಿಯ ಸೆಕೆಯ ದಿನದಲ್ಲಿ 1,000 ಲೀಟರು ಗಾಳಿಯ ತೂಕವು 1.1 ಕಿಲೋಗ್ರಾಂಗಿಂತ ತುಸು ಕಡಮೆ. ಕರಾವಳಿಯಲ್ಲಿ ಅದೇ ಸೆಕೆಯಲ್ಲಿ ತೂಗುವುದಕ್ಕಿಂತ ಇದು ನೂರಕ್ಕೆ ಆರು ಪಾಲಿನಷ್ಟು ಕಡಮೆಯೇ. ಶೋಧಕದಲ್ಲಿಯೂ ವಾಲ್ವುಗಳಲ್ಲಿಯೂ ಆಗುವ ತಡೆಯನ್ನು ಕಳೆದರೆ ಸಿಲಿಂಡರುಗಳನ್ನು ಸೇರುವುದು ನಿಮಿಷಕ್ಕೆ ಎರಡೂಕಾಲು ಕಿಲೋಗ್ರಾಂನಷ್ಟು. ಅಷ್ಟು ಗಾಳಿಗೆ ಒಪ್ಪುವ ಡೀಸೆಲು ಗಂಟೆಗೆ ಏಳು ಕಿಲೋಗ್ರಾಂಗಿಂತ ಹೆಚ್ಚಿಲ್ಲ. ಅದರಿಂದ ಹೊರಡುವ ಬಲ ಮೂವತ್ತೈದು, ಮೂವತ್ತೆಂಟು ಅಶ್ವಶಕ್ತಿ. ಇದಕ್ಕಿಂತ ಹೆಚ್ಚು ಡೀಸೆಲನ್ನು ಒಳಗೆ ಬಿಟ್ಟರೆ ಮಿಕ್ಕದ್ದು ಮಸಿಯಾಗಿ ಹೊಗೆಕೊಳವೆಯಲ್ಲಿ ಹೊರಗೆ ಬರುತ್ತದೆಯೇ ಹೊರತು ಬಲವಾಗುವುದಿಲ್ಲ. ಪಂಪಿನ ಸ್ಕ್ರೂ ತಿರುಗಿಸುವ ಬಿಟ್ಟಿ ಉಪಾಯದ ಗತಿ ಇಷ್ಟೆ. ಉರಿಯದ ಡೀಸೆಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಇಂಜಿನ್ ಆಯಿಲನ್ನು ತೆಳುವಾಗಿಸಿ ಬೇರಿಂಗುಗಳನ್ನೂ ತಿನ್ನಿಸುತ್ತದೆ.

ಗಾಳಿಯನ್ನು ಬಲವಂತವಾಗಿ ತಳ್ಳಿದರೆ ಉರಿ ಹೆಚ್ಚುವುದೆಂಬುದು ಈ ಸೀಮೆಯವರಿಗೆ ಹೊಸ ಮಾತಲ್ಲ. ಕಮ್ಮಾರನು ಗುಳವನ್ನು ಕಾಯಿಸುವಾಗ ಇದ್ದಲನ್ನು ಹೆಚ್ಚಿಸುವುದಕ್ಕಿಂತ ತಿದಿಯನ್ನೊತ್ತುವುದೇ ಹೆಚ್ಚು. ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದುದು ಭದ್ರಾವತಿ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1918ರಲ್ಲಿ ಮೊದಲಾದ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರಿಂದ ಮಲೆನಾಡಿನ ಕಾಡುಗಳ ಸೌದೆಯ ಇದ್ದಲಿನಿಂದ ಬೀಡುಕಬ್ಬಿಣವನ್ನು ಕರಗಿಸತೊಡಗಿತು. ಇಂಥ ಊದುಕುಲುಮೆಯ ಬಾಯಿಂದ ಹೊರಡುವ ಅನಿಲವನ್ನು ವ್ಯರ್ಥವಾಗಿ ಬಿಡುವುದಿಲ್ಲ. ಅದನ್ನೇ ಉರಿಸಿ, ಒಳಕ್ಕೆ ಊದುವ ಗಾಳಿಯನ್ನು ಕಾಯಿಸುತ್ತಾರೆ. ಬಿಸಾಡುವ ವಸ್ತುವಿನಿಂದಲೇ ಒಳಬರುವ ಗಾಳಿಗೆ ಪುಷ್ಟಿ ಕೊಡುವ ಜಾಣತನವದು. ಆದರೆ ಕುಲುಮೆಯ ಒಳಗೋಡೆಯ ಇಟ್ಟಿಗೆ ಸವೆದಿರುವಾಗ ಊದುವ ಗಾಳಿಯನ್ನು ಹೆಚ್ಚಿಸುವ ಮೇಸ್ತ್ರಿಯು ಯಾವ ಕಾರ್ಖಾನೆಯಲ್ಲಿಯೂ ಇರಲಾರನು. ಮೊದಲು ಗೋಡೆ ಕಟ್ಟುತ್ತಾರೆ, ಆಮೇಲೆ ಗಾಳಿ ಬಿಡುತ್ತಾರೆ.

ಟರ್ಬೋ ಚಾರ್ಜರು ಕೂಡ ಬಿಸಾಡುವುದನ್ನು ದುಡಿಸಿಕೊಳ್ಳುವ ಯಂತ್ರವೇ. ಡೀಸೆಲಿನಲ್ಲಿರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ. ಇನ್ನೊಂದು ಪಾಲು ರೇಡಿಯೇಟರಿನ ನೀರಿಗೂ ಸುತ್ತಲಿನ ಗಾಳಿಗೂ ಹೋಗುತ್ತದೆ, ಉಳಿದುದು ಬಿಸಿ ಹೊಗೆಯೊಡನೆ ಹಾರಿಹೋಗುತ್ತದೆ. ಈ ಹೊಗೆಯ ದಾರಿಯಲ್ಲಿ ಒಂದು ಸಣ್ಣ ಚಕ್ರವನ್ನಿಟ್ಟು, ಅದರ ದಂಡಕ್ಕೆ ಮತ್ತೊಂದು ಚಕ್ರವನ್ನು ಕೂಡಿಸಿ, ಆ ಎರಡನೆಯ ಚಕ್ರವು ಹೊರಗಿನ ಗಾಳಿಯನ್ನು ಅದುಮಿ ಸಿಲಿಂಡರುಗಳಿಗೆ ತುಂಬುವಂತೆ ಮಾಡಿದರೆ ಅದೇ ಟರ್ಬೋ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಎಂಬ ಎಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಸಣ್ಣ ಇಂಜಿನ್ನುಗಳ ಟರ್ಬೋ ದಂಡವು ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ಮೀರಿ ತಿರುಗುವುದುಂಟು. ಇಂಜಿನ್ನಿನ ಬೆಲ್ಟಿನಿಂದ ಗಾಳಿಯಂತ್ರವನ್ನು ತಿರುಗಿಸುವ ಇನ್ನೊಂದು ಬಗೆಯೂ ಇದೆ. ಅದು ಇಂಜಿನ್ನಿನ ಬಲವನ್ನೇ ತಿಂದು ಗಾಳಿಯನ್ನು ಕೊಡುವುದರಿಂದ ಹೊಲದ ಕೆಲಸಕ್ಕೆ ಅದರ ವಿಚಾರ ಬೇಕಾಗಿಲ್ಲ.

ಟರ್ಬೋವಿನ ಗುಣದೋಷಗಳೆರಡನ್ನೂ ಈ ಭಾಗದ ಜನರು ರೈಲು ನಿಲ್ದಾಣದಲ್ಲಿ ಕಣ್ಣಾರೆ ಕಂಡಿದ್ದಾರೆ. ಬೀರೂರು–ಶಿವಮೊಗ್ಗ ದಾರಿಯಲ್ಲಿ ಬಹುಕಾಲ ಓಡಿದ ಡೀಸೆಲ್ ರೈಲು ಇಂಜಿನ್ನುಗಳು ನಿಲ್ದಾಣದಿಂದ ಹೊರಡುವಾಗ ಒಂದು ಕರಿಮೋಡವನ್ನೇ ಉಗುಳಿ, ಸ್ವಲ್ಪ ದೂರ ಸಾಗಿದ ಮೇಲೆ ಹೊಗೆಯಿಲ್ಲದೆ ಎಳೆಯುತ್ತಿದ್ದುವು. ಡೀಸೆಲು ಮೊದಲು ಬಂದು, ಟರ್ಬೋ ಚಕ್ರವು ವೇಗ ಹಿಡಿದು ಗಾಳಿಯನ್ನು ಕೊಡುವುದು ತುಸು ತಡವಾಗಿದ್ದುದೇ ಆ ಮೋಡಕ್ಕೆ ಕಾರಣ. ವೇಗ ಹಿಡಿದ ಮೇಲಾದರೋ ಅದೇ ಗಾತ್ರದ ಇಂಜಿನ್ನು ಟರ್ಬೋ ಇಲ್ಲದಿದ್ದರೆ ಕೊಡಲಾರದಷ್ಟು ಬಲವನ್ನು ಕೊಡುತ್ತಿದ್ದಿತು. ಆದಕಾರಣ ಟರ್ಬೋ ಕೆಟ್ಟದ್ದೆಂದು ಯಾರೂ ಹೇಳುವಂತಿಲ್ಲ. ಅದಕ್ಕೆಂದೇ ಕಟ್ಟಿದ ಇಂಜಿನ್ನಿನಲ್ಲಿ ಅದು ಬಲವನ್ನೂ ಹೆಚ್ಚಿಸುತ್ತದೆ, ಅಶ್ವಶಕ್ತಿಯೊಂದಕ್ಕೆ ಬೇಕಾಗುವ ಡೀಸೆಲನ್ನೂ ತಗ್ಗಿಸುತ್ತದೆ, ಎತ್ತರದ ಪ್ರದೇಶದ ಕೊರತೆಯನ್ನೂ ತುಂಬುತ್ತದೆ.

ಅದಕ್ಕೆಂದು ಕಟ್ಟದ ಇಂಜಿನ್ನಿಗೆ ಹೊರಗಿನಿಂದ ತಂದು ಕೂಡಿಸುವುದೇ ಬೇರೆ ಸಂಗತಿ. ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ; ಸೈಕಲ್ಲಿಗೆ ಗಾಳಿ ಹಾಕುವ ಪಂಪು ಕೈಗೆ ಬಿಸಿ ತಗಲುವುದನ್ನು ಹುಡುಗರೂ ಬಲ್ಲರು. 30 ಡಿಗ್ರಿ ಸೆಂಟಿಗ್ರೇಡಿನ ಗಾಳಿಯ ಒತ್ತಡವನ್ನು ನೂರಕ್ಕೆ 60ರಷ್ಟು ಹೆಚ್ಚಿಸಿದರೆ ಸಾಮಾನ್ಯ ಟರ್ಬೋವಿನಿಂದ ಅದು ಹೊರಬರುವಾಗ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ ಸಿಲಿಂಡರನ್ನು ಸೇರುವ ಗಾಳಿಯ ತೂಕವು ನೂರಕ್ಕೆ 60ರಷ್ಟು ಹೆಚ್ಚದೆ 33ರಷ್ಟು ಮಾತ್ರ ಹೆಚ್ಚುತ್ತದೆ. ಇದನ್ನು ಸರಿಪಡಿಸುವುದಕ್ಕಾಗಿ ನಡುವೆ ಇಂಟರ್‌ಕೂಲರೆಂಬ ಗಾಳಿ ತಣಿಸುವ ರೇಡಿಯೇಟರನ್ನು ಇಡಬೇಕು. ಹೆಚ್ಚಿನ ಗಾಳಿಗೆ ತಕ್ಕ ಡೀಸೆಲನ್ನು ಕೊಡದಿದ್ದರೆ ಬಲ ಹೆಚ್ಚದಾದುದರಿಂದ ಪಂಪನ್ನೂ ನಾಝಲುಗಳನ್ನೂ ಬದಲಾಯಿಸಬೇಕು. ಆಗ ಉರಿಯುವ ಡೀಸೆಲು ಹೆಚ್ಚಿ, ಪಿಸ್ಟನ್ನಿನ ತಲೆಗೆ ತಗಲುವ ಬಿಸಿಯೂ ಸಿಲಿಂಡರಿನ ಒತ್ತಡವೂ ಏರುತ್ತವೆ.

ಕಾರ್ಖಾನೆಯವರು ಟರ್ಬೋ ಇಂಜಿನ್ನನ್ನು ಕಟ್ಟುವಾಗ ಈ ಬಿಸಿಗಾಗಿ ಪಿಸ್ಟನ್ನಿನ ಅಡಿಯಿಂದ ಎಣ್ಣೆಯ ಚಿಲುಮೆಯನ್ನು ಹಾರಿಸುವ ಏರ್ಪಾಡು ಮಾಡಿರುತ್ತಾರೆ. ಗಾಳಿಯನ್ನು ಅದುಮುವ ಪ್ರಮಾಣವನ್ನು ತುಸು ತಗ್ಗಿಸುತ್ತಾರೆ. ಎಣ್ಣೆಯ ಪಂಪು, ರೇಡಿಯೇಟರು, ಹೆಡ್ ಗ್ಯಾಸ್ಕೆಟ್ಟು, ಕ್ರ್ಯಾಂಕಿನ ಬೇರಿಂಗು ಇವೆಲ್ಲವೂ ಆ ಭಾರಕ್ಕೆ ತಕ್ಕವುಗಳಾಗಿರುತ್ತವೆ. ಕ್ಲಚ್ಚು, ಗೇರುಪೆಟ್ಟಿಗೆ, ಹಿಂದಿನ ಆಕ್ಸಲುಗಳೂ ಹಾಗೆಯೇ. ಗುಜರಿಯ ಟರ್ಬೋವೊಂದನ್ನು ಮಾತ್ರ ತಂದವನು ಇವುಗಳಲ್ಲಿ ಒಂದನ್ನೂ ತಂದಿರುವುದಿಲ್ಲ. ಅಲ್ಲದೆ ಲಾರಿಯ ಟರ್ಬೋವಿನ ಅಳತೆ ಲಾರಿಯ ಹೊಗೆಯ ಪ್ರಮಾಣಕ್ಕೆ ಹೊಂದಿರುವುದರಿಂದ, ಟ್ರ್ಯಾಕ್ಟರಿನ ಮಂದಗತಿಯಲ್ಲಿ ಅದು ಬೇಕಾದ ವೇಗಕ್ಕೇರದೆ ಬರಿಯ ಅಡಚಣೆಯಾಗಿ ಕುಳಿತಿರುವುದೂ ಉಂಟು.

ಇನ್ನು ಆ ಇಂಜಿನ್ನು ಸವೆದಿದ್ದರಂತೂ ಮಾತೇ ಬೇಡ. ರಿಂಗುಗಳು ಸವೆದು ಗಾಳಿ ಪಿಸ್ಟನ್ನಿನ ಪಕ್ಕದಿಂದ ಕೆಳಗೆ ಸೋರುತ್ತಿರುವಲ್ಲಿ ಹೆಚ್ಚು ಗಾಳಿಯನ್ನು ತುಂಬಿದರೆ ಹೆಚ್ಚು ಗಾಳಿಯೇ ಸೋರುತ್ತದೆ. ತೂತಿನ ಮಡಕೆಗೆ ದೊಡ್ಡ ಬಿಂದಿಗೆಯಿಂದ ನೀರು ಹೊಯ್ದ ಹಾಗೆ. ಟರ್ಬೋ ದಂಡವಾದರೋ ಇಂಜಿನ್ನಿನ ಎಣ್ಣೆಯ ತೆಳುಪೊರೆಯ ಮೇಲೆಯೇ ತೇಲುತ್ತ ತಿರುಗತಕ್ಕದ್ದು. ಎಣ್ಣೆಯ ಒತ್ತಡ ಬಿದ್ದುಹೋದ ಹಳೆಯ ಇಂಜಿನ್ನಿನಲ್ಲಿ ಆ ಪೊರೆ ಹರಿದು, ದಂಡ ಉಜ್ಜಿ, ಕೆಲವೇ ದಿವಸಗಳಲ್ಲಿ ಹಾಳಾಗುತ್ತದೆ. ಒಡೆದ ಚಕ್ರದ ಚೂರುಗಳು ಸಿಲಿಂಡರಿನೊಳಗೆ ಹೋದರೆ ದುರಸ್ತಿಗೆ ಹೊರಟವನು ಹೊಸ ಇಂಜಿನ್ನನ್ನೇ ಕೊಳ್ಳಬೇಕಾಗುತ್ತದೆ.

ಹಣ ಕಡಮೆಯಿರುವಾಗ ಕಳೆದುಕೊಂಡ ಬಲವನ್ನು ತುಂಬಿಕೊಳ್ಳುವ ಮಾರ್ಗಗಳ ಆಯ್ಕೆಯು ಇಲ್ಲಿಯ ಜನಕ್ಕೆ ಹಿಂದೆಯೂ ಒಮ್ಮೆ ಬಂದಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿ ಗೊತ್ತಾದಾಗ ಮೈಸೂರು ಸೀಮೆಯ ಬಸ್ಸುಗಳ ಹಿಂಬದಿಗೆ ಇದ್ದಲಿನ ಒಲೆಗಳನ್ನು ಕಟ್ಟಿ, ಅದರ ಅನಿಲದಿಂದ ಇಂಜಿನ್ನನ್ನು ಓಡಿಸಿದರು. ಪೆಟ್ರೋಲಿನ ಇಂಜಿನ್ನು ಇದ್ದಲ ಅನಿಲದಿಂದ ಓಡುವಾಗ ತನ್ನ ಬಲದಲ್ಲಿ ಮೂರರಲ್ಲೊಂದರಿಂದ ಅರ್ಧದವರೆಗೆ ಕಳೆದುಕೊಳ್ಳುತ್ತದೆ. ಅನಿಲವನ್ನೂ ಗಾಳಿಯನ್ನೂ ಯಂತ್ರದಿಂದ ಒತ್ತಿ ತುಂಬುವುದು, ಹೆಡ್ಡನ್ನು ತೇಯಿಸಿ ಅದುಮುವ ಪ್ರಮಾಣವನ್ನು ಹೆಚ್ಚಿಸುವುದು, ದೊಡ್ಡ ಇಂಜಿನ್ನನ್ನು ಕೂಡಿಸುವುದು, ಇಲ್ಲವೇ ಹೊರೆಯನ್ನು ತಗ್ಗಿಸುವುದು, ಆಗ ತಿಳಿದಿದ್ದ ಮಾರ್ಗಗಳು ಇವು. ಏರುದಾರಿಯಲ್ಲಿ ಜನರನ್ನು ಇಳಿಸಿ ನಡೆಸುತ್ತಿದ್ದ ಬಸ್ಸುಗಳ ಮಾತು ಹಿರಿಯರಿಂದ ಕೇಳಿಬರುವುದುಂಟು. ಹೊರೆ ತಗ್ಗಿಸುವ ಆ ನಾಲ್ಕನೆಯ ಮಾರ್ಗವು ನಗೆಗೀಡಾದರೂ ಖರ್ಚಿಲ್ಲದ ಮಾರ್ಗವಾಗಿದ್ದಿತು. ಈಗಲೂ ಮೊದಲು ನೋಡತಕ್ಕದ್ದು ಅದನ್ನೇ.

ಟ್ರ್ಯಾಕ್ಟರು ಎಳೆಯಲಾರದ ಸಂದರ್ಭಗಳಲ್ಲಿ ಎಷ್ಟೋ ವೇಳೆ ದೋಷವು ಇಂಜಿನ್ನಿನಲ್ಲಿಯೇ ಇರುವುದಿಲ್ಲ. ಮೂವತ್ತೈದು ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಐದು ಅಡಿ ಅಗಲದ ರೋಟಾವೇಟರು ತಕ್ಕದ್ದು. ಕೆಲಸ ಬೇಗ ಸಾಗಲೆಂದು ಆರು ಅಡಿಯದನ್ನು ಕಟ್ಟಿದರೆ ಹೊಸ ಇಂಜಿನ್ನೂ ಮಣಿಯುತ್ತದೆ. ರೋಟಾವೇಟರಿನ ಬ್ಲೇಡುಗಳು ಸವೆದು ಮೊಂಡಾದರೆ ಮಣ್ಣನ್ನು ಕೊಯ್ಯುವ ಬದಲು ಬಡಿಯತೊಡಗಿ ಬಲವನ್ನು ವ್ಯರ್ಥವಾಗಿ ನುಂಗುತ್ತವೆ. ಬ್ಲೇಡುಗಳ ಒಂದು ಜೊತೆಯನ್ನು ಬದಲಾಯಿಸುವ ಖರ್ಚು ಇಂಜಿನ್ನಿನ ಯಾವ ಕೆಲಸದ ಖರ್ಚಿಗೂ ಹೋಲಿಸತಕ್ಕದ್ದಲ್ಲ. ಕೆಸರುಗದ್ದೆಯಲ್ಲಿ ಬರಿಯ ರಬ್ಬರು ಚಕ್ರಗಳು ಜಾರುತ್ತವೆ. ಚಕ್ರ ಜಾರುತ್ತಿರುವಾಗ ಇಂಜಿನ್ನಿಗೆ ಹೆಚ್ಚು ಬಲ ಕೊಟ್ಟರೆ ಅದು ಹೆಚ್ಚು ಜಾರಿ, ಗುಂಡಿ ತೋಡಿ, ಆಕ್ಸಲಿನವರೆಗೆ ಹೂತುಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಕಬ್ಬಿಣದ ಕೇಜ್ ವೀಲುಗಳೇ ಹೊರತು ಟರ್ಬೋ ಅಲ್ಲ. ಒಣಭೂಮಿಯಲ್ಲಿ ನೇಗಿಲಿನಿಂದ ಉಳುವಾಗಲೂ ಹಾಗೆಯೇ. ಟೈರಿನ ಪಟ್ಟೆಗಳು ಸವೆದು ನುಣ್ಣಗಾಗಿದ್ದರೆ ಇಂಜಿನ್ನಿನ ಬಲವು ನೆಲಕ್ಕೆ ಇಳಿಯುವುದೇ ಇಲ್ಲ.

ಇದನ್ನೆಲ್ಲ ನೋಡಿದ ಮೇಲೆ ಇಂಜಿನ್ನಿನ ಬಳಿಗೆ ಬರತಕ್ಕದ್ದು. ಬಂದರೂ ಸ್ಪಾನರನ್ನು ಹಿಡಿಯುವ ಮೊದಲು ಅದರ ಉಸಿರನ್ನು ಪರೀಕ್ಷಿಸಬೇಕು. ಭತ್ತ, ಜೋಳಗಳ ಒಕ್ಕಣೆಯ ಕಾಲದಲ್ಲಿ ಟ್ರ್ಯಾಕ್ಟರು ಹೊಟ್ಟು ಧೂಳುಗಳ ಮಧ್ಯೆಯೇ ನಿಂತು ದುಡಿಯುತ್ತದೆ. ಎಣ್ಣೆ ತೊಟ್ಟಿಯ ಗಾಳಿಶೋಧಕದಲ್ಲಿ ಆ ಧೂಳು ಕೆಸರಾಗಿ ಕುಳಿತು ಗಾಳಿಯ ದಾರಿಯನ್ನು ಕಟ್ಟುತ್ತದೆ. ಅಂಥ ಇಂಜಿನ್ನು ಕರಿ ಹೊಗೆ ಬಿಡುವುದು ಸಹಜ. ಶೋಧಕವನ್ನು ತೊಳೆದು ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ತುಂಬಿ, ಡೀಸೆಲ್ ಫಿಲ್ಟರುಗಳನ್ನು ಬದಲಾಯಿಸಿ, ರೇಡಿಯೇಟರಿನ ಸಂದುಗಳಲ್ಲಿ ಸೇರಿದ ಹೊಟ್ಟನ್ನು ತೆಗೆದು ನೋಡಿದರೆ ಕೆಲವು ಟ್ರ್ಯಾಕ್ಟರುಗಳ ರೋಗವು ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಒಂದು ಹೊತ್ತಿನ ಕೆಲಸ ಸಾಕು.

ಮುಗಿಯದಿದ್ದರೆ ಹೊಗೆಯ ಬಣ್ಣವೇ ಮುಂದಿನ ದಾರಿಯನ್ನು ತೋರಿಸುತ್ತದೆ. ಭಾರ ಬಿದ್ದಾಗ ಕರಿ ಹೊಗೆ ಬಂದರೆ ಗಾಳಿ ಕಡಮೆ, ಇಲ್ಲವೇ ಡೀಸೆಲು ಹೆಚ್ಚು, ಇಲ್ಲವೇ ನಾಝಲುಗಳು ಡೀಸೆಲನ್ನು ಸಣ್ಣ ತುಂತುರಾಗಿ ಚಿಮ್ಮಿಸದೆ ಹನಿಹನಿಯಾಗಿ ಸುರಿಸುತ್ತಿವೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲು ಸಿಲಿಂಡರಿಗೆ ಸೇರಿ ಉರಿಯುತ್ತಿದೆ; ರಿಂಗುಗಳೋ ವಾಲ್ವಿನ ಗೈಡುಗಳೋ ಸವೆದಿರಬೇಕು. ಇಂಜಿನ್ನು ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಗಾಳಿ ಸಾಕಷ್ಟು ಅದುಮಿಕೊಳ್ಳುತ್ತಿಲ್ಲ, ಡೀಸೆಲು ಬೀಳುವ ಹೊತ್ತು ತಪ್ಪಿದೆ, ಇಲ್ಲವೇ ನೀರು ಒಳಗೆ ಸೋರುತ್ತಿದೆ. ಇಂಜಿನ್ನು ನಡೆಯುತ್ತಿರುವಾಗ ಆಯಿಲು ತುಂಬುವ ಮುಚ್ಚಳವನ್ನು ಎಚ್ಚರದಿಂದ ಸಡಿಲಿಸಿ ನೋಡಿದರೆ, ಅಲ್ಲಿಂದ ಹೊಗೆ ಬುಸುಗುಟ್ಟಿಕೊಂಡು ಹೊರಡುವುದು ರಿಂಗುಗಳ ಪಕ್ಕದಿಂದ ಅನಿಲ ಇಳಿಯುತ್ತಿರುವುದಕ್ಕೆ ಸಾಕ್ಷಿ. ಕೊನೆಗೆ ಗೇಜು ಹಾಕಿಸಿ ಪ್ರತಿಯೊಂದು ಸಿಲಿಂಡರಿನ ಕಂಪ್ರೆಶನ್ನನ್ನೂ ಅಳೆಯಿಸಬೇಕು. ತಯಾರಿಸಿದವರು ಕೊಟ್ಟಿರುವ ಅಂಕಿಗಿಂತ ಎಷ್ಟು ಕೆಳಗಿದೆಯೆಂಬುದಷ್ಟೇ ಅಲ್ಲದೆ, ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸವಿದೆಯೆಂಬುದನ್ನೂ ಚೀಟಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಈ ಚೀಟಿಯಿಲ್ಲದೆ ಇಂಜಿನ್ನು ಬಿಚ್ಚಲು ಒಪ್ಪಿಗೆ ಕೊಡುವುದು, ನಾಡಿ ನೋಡದ ವೈದ್ಯನಿಗೆ ತೋಳು ಚಾಚಿದಂತೆ.

ಕಂಪ್ರೆಶನ್ನು ಚೆನ್ನಾಗಿದ್ದು ಹೊಗೆ ಮಾತ್ರ ಕಪ್ಪಾಗಿದ್ದರೆ ಪಂಪನ್ನೂ ನಾಝಲುಗಳನ್ನೂ ಕಳಚಿ, ಪರೀಕ್ಷಾ ಬೆಂಚಿರುವ ಅಂಗಡಿಯಲ್ಲಿ ಅಳತೆಗೆ ತರಿಸಿದರೆ ಸಾಕು. ಕಂಪ್ರೆಶನ್ನು ಬಿದ್ದುಹೋಗಿದ್ದರೆ ಇಂಜಿನ್ನು ಬಿಚ್ಚಿ ಕಟ್ಟಲೇಬೇಕು. ಹೊಸ ಲೈನರು, ಪಿಸ್ಟನ್ನು, ರಿಂಗು, ವಾಲ್ವುಗಳ ಗ್ರೈಂಡಿಂಗು, ಕ್ರ್ಯಾಂಕಿನ ಅಳತೆ ನೋಡಿ ಬೇರಿಂಗುಗಳ ಬದಲಾವಣೆ, ಇಷ್ಟೂ ಒಟ್ಟಿಗೆ ಆಗಬೇಕು. ಹಣ ಉಳಿಸುವುದಕ್ಕೆಂದು ರಿಂಗುಗಳನ್ನು ಮಾತ್ರ ಬದಲಾಯಿಸಿ ಮೊಟ್ಟೆಯಾಕಾರಕ್ಕೆ ಸವೆದ ಲೈನರನ್ನು ಹಾಗೆಯೇ ಬಿಟ್ಟರೆ ಮುಂದಿನ ಬೆಳೆಯ ಹೊತ್ತಿಗೆ ಅದೇ ಕೆಲಸವನ್ನು ಎರಡನೆಯ ಬಾರಿ ಮಾಡಿಸಬೇಕಾಗುತ್ತದೆ.

ಬೋರು ಮಾಡಿಸಿ ದೊಡ್ಡ ಪಿಸ್ಟನ್ನು ಹಾಕಿದರೆ ಬಲ ಹೆಚ್ಚುವುದೆಂಬ ನಂಬಿಕೆಯೊಂದು ಬಹಳ ದಿವಸಗಳಿಂದ ಬಳಕೆಯಲ್ಲಿದೆ. ಲೆಕ್ಕ ಹಾಕಿದರೆ ಅದರ ಬಣ್ಣ ತಿಳಿಯುತ್ತದೆ. 91 ಮಿಲಿಮೀಟರಿನ ಸಿಲಿಂಡರನ್ನು ಅರ್ಧ ಮಿಲಿಮೀಟರು ಹಿಗ್ಗಿಸಿದರೆ ಅದರ ಗಾತ್ರವು ಹೆಚ್ಚುವುದು ನೂರಕ್ಕೆ ಒಂದೇ ಒಂದು ಪಾಲು. ಒಂದು ಪೂರಾ ಮಿಲಿಮೀಟರು ಹಿಗ್ಗಿಸಿದರೂ ನೂರಕ್ಕೆ ಎರಡು ಚಿಲ್ಲರೆ. ದುರಸ್ತಿಯಾಗಿ ಬಂದ ಟ್ರ್ಯಾಕ್ಟರು ಮೊದಲಿಗಿಂತ ಚೆನ್ನಾಗಿ ಎಳೆಯುವುದು ನಿಜ. ಅದು ಹೆಚ್ಚಿದ ಗಾತ್ರದಿಂದಲ್ಲ, ಸೋರಿಹೋಗುತ್ತಿದ್ದ ಬಲವು ನಿಂತುದರಿಂದ. ಕಾರ್ಖಾನೆಯಿಂದ ಬಂದ ದಿನ ಅದಕ್ಕಿದ್ದ ಬಲ ಎಷ್ಟೋ ಅಷ್ಟನ್ನು ಹಿಂದಕ್ಕೆ ಪಡೆಯಬಹುದು. ಹಿಡುವಳಿದಾರರಲ್ಲಿ ಅನೇಕರಿಗೆ ಬೇಕಾಗಿರುವುದೂ ಅಷ್ಟೇ. ಹದಿನೈದು ವರ್ಷದ ಹಿಂದೆ ಅದೇ ಟ್ರ್ಯಾಕ್ಟರು ಅದೇ ಗದ್ದೆಯನ್ನು ನಿರಾಯಾಸವಾಗಿ ಕೆಸರು ಮಾಡುತ್ತಿದ್ದಿತೆಂಬುದನ್ನು ಮರೆಯಬಾರದು. ಗದ್ದೆ ಬೆಳೆದಿಲ್ಲ, ಇಂಜಿನ್ನು ಸವೆದಿದೆ.

ಲೆಕ್ಕವನ್ನು ಹೀಗೆ ಹಾಕಿ ನೋಡಬಹುದು. ಅಂಕಿಗಳು ಉದಾಹರಣೆಗೆಂದು ಹಿಡಿದವು. ತಂತಮ್ಮ ಊರಿನ ದರಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟುಕೊಳ್ಳತಕ್ಕದ್ದು. ಭದ್ರಾವತಿ ತಾಲ್ಲೂಕಿನ ಹಿಡುವಳಿದಾರನೊಬ್ಬನಲ್ಲಿ ಎಂಟು ಎಕರೆ ಗದ್ದೆ, ಮೂವತ್ತೈದು ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರು, 60,000 ರೂಪಾಯಿ ನಗದು ಇವೆಯೆಂದಿರಲಿ. ಬಾಡಿಗೆಯ ಕೆಲಸವೂ ಸೇರಿ ಟ್ರ್ಯಾಕ್ಟರು ವರ್ಷಕ್ಕೆ 600 ಗಂಟೆ ದುಡಿಯುತ್ತದೆ. ಸವೆದ ಇಂಜಿನ್ನು ಗಂಟೆಗೆ ಐದೂವರೆ ಲೀಟರು ಡೀಸೆಲು ಕುಡಿದು ಮಾಡುವ ಕೆಲಸವನ್ನು ಕಟ್ಟಿದ ಇಂಜಿನ್ನು ಐದು ಲೀಟರಿನಲ್ಲಿ ಮಾಡಿದರೆ ವರ್ಷಕ್ಕೆ 300 ಲೀಟರು ಉಳಿಯುತ್ತದೆ. ಲೀಟರಿಗೆ 90 ರೂಪಾಯಿನಂತೆ ಅದು 27,000 ರೂಪಾಯಿ. ಅಂದರೆ 60,000 ರೂಪಾಯಿಯ ದುರಸ್ತಿಯು ಎರಡು ವರ್ಷ ಮೂರು ತಿಂಗಳಲ್ಲಿ ಡೀಸೆಲಿನಿಂದಲೇ ತೀರುತ್ತದೆ. ಆಯಿಲಿನ ಉಳಿತಾಯವೂ, ಗದ್ದೆಯಲ್ಲಿ ನಿಲ್ಲದೆ ಉಳಿದ ದಿವಸಗಳ ಬಾಡಿಗೆಯೂ ಈ ಲೆಕ್ಕದ ಹೊರಗಿವೆ. ಅದೇ ಮನುಷ್ಯನು 25,000 ರೂಪಾಯಿಗೆ ಟರ್ಬೋ ತಂದು, ಕೊಳವೆ, ಎಣ್ಣೆಯ ದಾರಿ, ಪಂಪಿನ ಬದಲಾವಣೆಗಳಿಗೆ ಉಳಿದುದನ್ನು ಸುರಿದರೆ, ಸವೆದ ರಿಂಗುಗಳು ಸವೆದಂತೆಯೇ ಇರುತ್ತವೆ. ಕೈಯಲ್ಲಿ ಹಣವೂ ಇರುವುದಿಲ್ಲ. ನಾಟಿಯ ನಡುವೆ ಗ್ಯಾಸ್ಕೆಟ್ಟು ಸುಟ್ಟರೆ ನೀರು ನಿಂತ ಗದ್ದೆ, ಬಲಿಯುತ್ತಿರುವ ಸಸಿ, ಮುಂಗಡ ಕೊಟ್ಟ ನೆರೆಯವರು ಈ ಮೂವರಿಗೂ ಅವನು ಉತ್ತರ ಹೇಳಬೇಕಾಗುತ್ತದೆ.

ದುರಸ್ತಿಯಾದ ಇಂಜಿನ್ನಿಗೂ ಮೀರಿದ ಕೆಲಸವು ನಿಜವಾಗಿಯೂ ಇದ್ದರೆ, ಅಂದರೆ ಹಿಡುವಳಿ ದೊಡ್ಡದಾಗಿದ್ದರೆ ಅಥವಾ ಬಾಡಿಗೆಯ ಕೆಲಸವೇ ಮುಖ್ಯ ಕಸುಬಾಗಿದ್ದರೆ, ಆಗ ಕಾರ್ಖಾನೆಯಲ್ಲಿಯೇ ಹೆಚ್ಚು ಬಲಕ್ಕೆ ಕಟ್ಟಿದ ಟ್ರ್ಯಾಕ್ಟರನ್ನು ಕೊಳ್ಳುವುದು ಸರಿಯಾದ ಮಾರ್ಗ. ಹಳೆಯದನ್ನು ದುರಸ್ತಿ ಮಾಡಿಸಿ ಮಾರಿದರೆ ಬೆಲೆಯೂ ಬರುತ್ತದೆ. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಕಟ್ಟುಪಾಡು ಬಿಗಿಯಾಗಿದೆ. ಅವುಗಳ ಡೀಸೆಲ್ ಪಂಪು ವಿದ್ಯುತ್ ಹತೋಟಿಯದಾಗಿದ್ದಲ್ಲಿ ಊರಿನ ಮೆಕ್ಯಾನಿಕ್ಕು ಅದನ್ನು ಮುಟ್ಟಲಾರನು. ಕಂಪೆನಿಯ ದುರಸ್ತಿಕಾರನು ಎಷ್ಟು ದೂರದಲ್ಲಿದ್ದಾನೆಂಬುದನ್ನು ಬೆಲೆಯೊಡನೆಯೇ ವಿಚಾರಿಸಿಕೊಳ್ಳಬೇಕು.

ಹೆಚ್ಚು ಬಲ ಬೇಕಾಗುವುದು ವರ್ಷದಲ್ಲಿ ಹತ್ತು ಹದಿನೈದು ದಿವಸ ಮಾತ್ರವಾಗಿದ್ದರೆ ಕೊಳ್ಳುವುದೂ ಬೇಡ. ರಾಜ್ಯದಲ್ಲಿ 2014–15ರಿಂದ ಏರ್ಪಟ್ಟ ಕೃಷಿ ಯಂತ್ರಧಾರೆ ಕೇಂದ್ರಗಳು ಯಂತ್ರಗಳನ್ನು ಬಾಡಿಗೆಗೆ ಕೊಡುವುದಕ್ಕಾಗಿಯೇ ಹುಟ್ಟಿದುವು. ನಾಟಿಯ ಕಾಲದಲ್ಲಿ ಎಲ್ಲರೂ ಒಂದೇ ದಿನ ಕೇಳುವುದರಿಂದ ಯಂತ್ರ ಸಿಕ್ಕದೆಂಬ ದೂರಿಗೆ ಒಂದು ಪರಿಹಾರವಿದೆ. ಗ್ರಾಮದ ಮುಖಂಡರು ನಾಲೆಯ ನೀರು ಬರುವ ಸರದಿಯನ್ನು ನೋಡಿಕೊಂಡು, ತೂಬಿನ ಮೇಲ್ಭಾಗದ ಗದ್ದೆಗಳು ಮೊದಲು, ಕೆಳಭಾಗದವು ಆಮೇಲೆ, ಎಂದು ಪಟ್ಟಿ ಮಾಡಿ ಮುಂಚಿತವಾಗಿ ಕೇಂದ್ರಕ್ಕೆ ಕೊಡಬಹುದು.

ಕಾನೂನಿನ ಸಂಗತಿಯೊಂದು ಉಳಿದಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದ ಮೇರೆಗೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಗೊತ್ತುಮಾಡಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಟ್ರ್ಯಾಕ್ಟರೂ ನೋಂದಣಿಯಾದ ವಾಹನವೇ. ಟ್ರೈಲರಿನಲ್ಲಿ ಭತ್ತವನ್ನೋ ಕಬ್ಬನ್ನೋ ಹೇರಿಕೊಂಡು ರಸ್ತೆಗೆ ಇಳಿದಾಗ ಅಪಘಾತವಾದರೆ, ಅನುಮತಿಯಿಲ್ಲದ ಮಾರ್ಪಾಟಿನ ಮೇಲೆ ವಿಮೆಯ ಕಂಪೆನಿಯವರು ತಕರಾರು ತೆಗೆಯಲು ಎಡೆಯಾಗುತ್ತದೆ. ಸವೆದ ಭಾಗಗಳಿಗೆ ಅದೇ ಅಳತೆಯ ಭಾಗಗಳನ್ನು ಹಾಕಿಸುವ ದುರಸ್ತಿಗೆ ಈ ತೊಡಕಿಲ್ಲ.

ಟರ್ಬೋ ಸಹಿತವಾಗಿಯೇ ಕಾರ್ಖಾನೆಯಿಂದ ಬಂದ ಟ್ರ್ಯಾಕ್ಟರನ್ನು ಇಟ್ಟುಕೊಂಡಿರುವವರು ಅದರ ಚಾಲಕನಿಗೆ ಎರಡು ಮಾತುಗಳನ್ನು ಕಟ್ಟುನಿಟ್ಟಾಗಿ ಹೇಳಿರಬೇಕು. ಬೆಳಿಗ್ಗೆ ಇಂಜಿನ್ನು ಹೊತ್ತಿಸಿದ ಕೂಡಲೆ ಎಕ್ಸಲರೇಟರನ್ನು ಒತ್ತಬಾರದು. ಎಣ್ಣೆಯು ಟರ್ಬೋ ದಂಡದವರೆಗೆ ಏರಲು ಅರ್ಧ ನಿಮಿಷವಾದರೂ ಬಿಡಬೇಕು. ಗದ್ದೆಯ ಕೆಲಸ ಮುಗಿಸಿ ಬಂದು ಬದುವಿನ ಮೇಲೆ ನಿಲ್ಲಿಸಿದೊಡನೆ ಇಂಜಿನ್ನನ್ನು ಆರಿಸದೆ ಎರಡು ಮೂರು ನಿಮಿಷ ನಿಧಾನವಾಗಿ ನಡೆಯಗೊಡಬೇಕು. ಕೆಂಪಗೆ ಕಾದ ಚಕ್ರಕ್ಕೆ ಎಣ್ಣೆಯ ಹರಿವು ಥಟ್ಟನೆ ನಿಂತರೆ ಒಳಗೆ ಉಳಿದ ಎಣ್ಣೆ ಸುಟ್ಟು ಕಿಟ್ಟಗಟ್ಟುತ್ತದೆ.

ದುರಸ್ತಿಗೆ ಒಳ್ಳೆಯ ಕಾಲ ಬೇಸಗೆ ಬೆಳೆಯ ಕೊಯ್ಲು ಮುಗಿದಂದಿನಿಂದ ಮುಂಗಾರಿನ ನೀರು ನಾಲೆಗೆ ಬರುವವರೆಗೆ. ಆಗ ಶಿವಮೊಗ್ಗ, ಭದ್ರಾವತಿಗಳ ವರ್ಕ್‌ಶಾಪುಗಳಲ್ಲಿ ನೂಕುನುಗ್ಗಲೂ ಕಡಮೆ. ಇಂಜಿನ್ನನ್ನು ಬಿಚ್ಚುವ ದಿನ ಮಾಲೀಕನು ಎದುರಿಗೆ ಇದ್ದು, ತೆಗೆದ ಹಳೆಯ ಭಾಗಗಳನ್ನು ಚೀಲದಲ್ಲಿ ಮನೆಗೆ ತರುವುದು, ಹೊಸ ಭಾಗಗಳ ಮೊಹರಾದ ಪೊಟ್ಟಣಗಳನ್ನೂ ಬಿಲ್ಲನ್ನೂ ನೋಡಿ ತೆಗೆದುಕೊಳ್ಳುವುದು ಒಳ್ಳೆಯ ಪದ್ಧತಿ. ಕಟ್ಟಿದ ಇಂಜಿನ್ನಿಗೆ ಮೊದಲ ಐವತ್ತು ಗಂಟೆಗಳ ಕಾಲ ಪೂರ್ಣ ಭಾರವನ್ನು ಕೊಡದೆ, ಹಗುರವಾದ ಕೆಲಸಗಳಲ್ಲಿ ತೊಡಗಿಸಿ, ಆ ಐವತ್ತು ಗಂಟೆಗಳ ಕೊನೆಗೆ ಆಯಿಲನ್ನೂ ಅದರ ಫಿಲ್ಟರನ್ನೂ ಬದಲಾಯಿಸಿ, ಹೆಡ್ಡಿನ ಬೋಲ್ಟುಗಳನ್ನೂ ವಾಲ್ವಿನ ಸಂದುಗಳನ್ನೂ ಮತ್ತೊಮ್ಮೆ ಅಳತೆಗೆ ಸರಿಯಾಗಿ ಬಿಗಿಯಿಸಿದ ಮೇಲೆ ರೋಟಾವೇಟರನ್ನು ಕಟ್ಟಬಹುದು.